ಇಬ್ಬರು ಬೇಕಾಗುವ ಕಾರು

ಇವತ್ತು ಗೌರಿ ಹಬ್ಬದ ಬೆಳಿಗ್ಗೆ ನಮ್ಮ ಬೀದಿಯ ಇಸ್ತ್ರಿಯವನು ತನ್ನ ಪೆಟ್ಟಿಗೆಯ ಕೆಂಡದ ಮೇಲೆ ನೀರು ಚಿಮುಕಿಸಿದ. ಚುಂಯ್ ಎಂದು ಸದ್ದಾಗಿ ಒದ್ದೆ ಇದ್ದಿಲಿನ ಘಾಟು ಎದ್ದಿತು. ನಾನು ಜಗಲಿಯ ಮೇಲೆ ಕೂತು, ಬೆಂಗಳೂರಿನಿಂದ ತಂದ ಕಾನೂನಿನ ಪುಸ್ತಕವನ್ನು ಓದುತ್ತಿರುವವನಂತೆ ಕಾಣಿಸಿಕೊಳ್ಳುವ ಪ್ರಯತ್ನದಲ್ಲಿದ್ದೆ. ಘಾಟು ಮೂಗಿಗೆ ಬಡಿದದ್ದೇ ತಡ, ತಲೆಯೆತ್ತಿ ಬೀದಿಯ ತಿರುವಿನ ಕಡೆ ನೋಡಿದೆ, ಅಲ್ಲಿ ದೊಡ್ಡಿ ಬಂದು ನಿಂತಿರಬೇಕು ಎನ್ನುವ ಹಾಗೆ. ದೊಡ್ಡಿ ಇನ್ನೂ ಬಂದಿರಲಿಲ್ಲ. ಬಂದರೂ ಈಗ ಅದಕ್ಕೆ ಆ ವಾಸನೆಯಿಲ್ಲ.

ವಾಸನೆಗೂ ನೆನಪಿಗೂ ಗಂಟುಹಾಕುವವರ ಜೊತೆ ನಾನು ಹಾಸ್ಟೆಲಿನಲ್ಲಿ ಎಷ್ಟೋ ಸಲ ಜಗಳವಾಡಿದ್ದೇನೆ, ಪುರಾವೆ ಎಲ್ಲಿ ಎಂದು ಕೇಳಿದ್ದೇನೆ. ಈಗ ನನ್ನ ಮೂಗೇ ಎದುರು ಪಕ್ಷದ ಸಾಕ್ಷಿಯಾಗಿ ನಿಂತಿತು. ಇರಲಿ, ಸಾಕ್ಷಿ ಹೇಳಿದ ಮೇಲೆ ಪೂರ್ತಿ ಹೇಳಿಸಿಬಿಡುವುದೇ ನ್ಯಾಯ. ನಿಮಗೂ ಬೇರೆ ಕೆಲಸವಿಲ್ಲದಿದ್ದರೆ ಜಗಲಿಗೆ ಬನ್ನಿ, ಕೂರಿ.

ದೊಡ್ಡಿ ಎಂದರೆ ದನದ ದೊಡ್ಡಿಯಲ್ಲ, ನನ್ನ ದೊಡ್ಡಮಾವನ ಕಾರು. ದೊಡ್ಡಮಾವ ಅವ್ವನಿಗೆ ಅಣ್ಣ. ಅಜ್ಜ ಬದುಕಿದ್ದಾಗ ಬೆಂಗಳೂರಿನ ದಂಡಿನ ಪ್ರದೇಶದ ಒಬ್ಬ ವ್ಯಾಪಾರಿಯಿಂದ ಕೊಂಡ ಅಮೆರಿಕದ ಗಾಡಿ ಅದು. ಆಗಲೇ ಹಳೆಯದು. ಉದ್ದಕ್ಕೆ, ಅಗಲಕ್ಕೆ, ಸದ್ದಿಗೆ ಯಾವುದಕ್ಕೂ ಕೊರತೆಯಿಲ್ಲ. ಮಧುರೆ ಹೋಬಳಿಯ ನಮ್ಮಜ್ಜಿಯ ಊರಿನವರು, ಸಂತೆಯಿಂದ ಬರುವಾಗ ಅದರೊಳಗೆ ಜನ, ಕುರಿಮರಿ, ಹಲಸಿನಹಣ್ಣು ಎಲ್ಲವೂ ಹಿಡಿಯುವುದನ್ನು ನೋಡಿ ದೊಡ್ಡಿ ಎಂದು ಹೆಸರಿಟ್ಟರು. ಅವ್ವನ ತಮ್ಮ ಚಿಕ್ಕಮಾವನ ಕಾರು ಇಂಗ್ಲೆಂಡಿನದು. ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಬಿಳಿಯ ದೊರೆ ಬಿಟ್ಟುಹೋದದ್ದು. ಪುಟ್ಟದು, ಚುರುಕು, ಬಾಗಿಲು ಹಾಕಿದರೆ ಟಪ್ ಎಂದು ಡಬ್ಬಿಯ ಮುಚ್ಚಳದ ಸದ್ದು. ಅದಕ್ಕೆ ಗುಬ್ಬಿ ಎಂದು ಹೆಸರು. ಗುಬ್ಬಿಯಲ್ಲಿ ನಾಲ್ವರು ಕೂರಬಹುದೆಂದು ಅದನ್ನು ಮಾಡಿದವರ ನಂಬಿಕೆ. ಆ ನಾಲ್ವರು ರಾಗಿ ಮುದ್ದೆ ಉಣ್ಣದವರಾಗಿರಬೇಕು.

ಅಜ್ಜ ತೀರಿಕೊಂಡ ಮೇಲೆ ಬಾವಿ ನೀರಿನ ಸರದಿಯ ಮೇಲೆ ಅಣ್ಣತಮ್ಮಂದಿರಿಗೆ ಮಾತು ಬೆಳೆದು ಮನೆ ಪಾಲಾಯಿತು. ನಡುಮನೆಗೆ ಅಡ್ಡಲಾಗಿ ಮಣ್ಣಿನ ಗೋಡೆ ಎದ್ದಿತು. ದೊಡ್ಡಿ ಅಣ್ಣನ ಪಾಲಿಗೆ ಬಂದದ್ದರಿಂದ, ತಾನೇನು ಕಡಿಮೆ ಎಂದು ತಮ್ಮ ಗುಬ್ಬಿಯನ್ನು ತಂದ. ಅಜ್ಜಿ ಮಾತ್ರ ಪಾಲಾಗಲಿಲ್ಲ. ಗೋಡೆ ಮುಗಿಯುವ ಕಡೆ, ಹಜಾರದ ಕಂಬಕ್ಕೆ ಒರಗಿ, ಎರಡು ಮನೆಗೂ ಸೇರದ ಹಾಗೆ ಕೂತಿರುತ್ತಿದ್ದಳು. ಅವಳ ಕಣ್ಣು ಮಂಜಾಗುತ್ತ ಬಂದಿತ್ತು.

ನಮ್ಮ ಕಡೆ ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿನವರು ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ತಾನಾಗಿ ಹೋದರೆ ಅವಳಿಗೂ ಮರ್ಯಾದೆಯಲ್ಲ, ಅಣ್ಣತಮ್ಮಂದಿರಿಗೂ ಮರ್ಯಾದೆಯಲ್ಲ. ಈ ನಿಯಮದಲ್ಲಿ ಎಷ್ಟು ಅರ್ಥವಿದೆ ಎಂದು ನಾನು ಅವ್ವನನ್ನು ಕೇಳಿದ್ದುಂಟು. "ಅರ್ಥ ಇರೋ ಕಡೆಗೆಲ್ಲ ನೀನು ಹೋಗಿ ಬಾ, ನಾನು ತವರಿಗೆ ಹೋಗ್ತೀನಿ" ಅಂದಿದ್ದಳು.

ಪಾಲಾದ ಮೊದಲ ವರ್ಷ ಕರೆಯುವುದಕ್ಕೆ ಕೊರತೆಯೇನೂ ಆಗಲಿಲ್ಲ. ಆದದ್ದು ಹೆಚ್ಚಳ. ದೊಡ್ಡಬಳ್ಳಾಪುರದ ನಮ್ಮ ಈ ಇಕ್ಕಟ್ಟು ಬೀದಿಯಲ್ಲಿ, ಮಗ್ಗದ ಸದ್ದಿನ ನಡುವೆ, ಒಂದೇ ಬೆಳಿಗ್ಗೆ ಎರಡು ಕಾರು ಬಂದು ಮೂತಿಗೆ ಮೂತಿ ಕೊಟ್ಟು ನಿಂತವು. ಒಂದರಿಂದ ಅಣ್ಣ ಇಳಿದ, ಇನ್ನೊಂದರಿಂದ ತಮ್ಮ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವ್ವ ಹೊಸ ಸೀರೆಯುಟ್ಟು, ಬಾಗಿನದ ಮೊರ ಕಟ್ಟಿ ಸಿದ್ಧಳಾಗಿದ್ದವಳು ಕಿಟಕಿಯಿಂದ ನೋಡಿದಳು. ಯಾವುದರಲ್ಲಿ ಹತ್ತಿದರೂ ಇನ್ನೊಂದು ಖಾಲಿ ಹೋಗಬೇಕು. ಊರ ಮುಂದೆ, ಹಬ್ಬದ ದಿನ, ಖಾಲಿ ಹೋಗಬೇಕು. ಇಬ್ಬರಿಗೂ ಕಾಫಿ ಕೊಟ್ಟು, ಮೈ ಬೆಚ್ಚಗಿದೆ, ಬರಲಾರೆ ಅಂದಳು. ಎರಡು ಕಾರೂ ಖಾಲಿ ಹೋದವು. ಮರುವರ್ಷವೂ ಅದೇ ಆಯಿತು, ಜ್ವರದ ಬದಲು ಸೊಂಟನೋವು. ಅಪ್ಪ ಶಾಲೆಯ ಮೇಷ್ಟರು, ಗಲಾಟೆಗೆ ಅಂಜುವವರು. ಪೇಪರು ಓದುತ್ತಲೇ ಇದ್ದರು. ಅವ್ವ ಆ ರಾತ್ರಿ ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಇಟ್ಟದ್ದು ನನಗೆ ಕಾಣಿಸಿತು. ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಆ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ಇಂಟರ್ಮೀಡಿಯೆಟ್ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮನೆಯವರ ಗ್ರಹಿಕೆ. ನಾನು ಮಾಡುತ್ತಿದ್ದದ್ದು ಚರ್ಚಾಕೂಟದಲ್ಲಿ ವಾದ. ಮೋಟಾರಿನಿಂದ ದೇಶಕ್ಕೆ ಒಳಿತು ಎಂದು ಒಂದು ಶನಿವಾರ ಗೆದ್ದೆ. ಮೋಟಾರಿನಿಂದ ದೇಶಕ್ಕೆ ಕೇಡು ಎಂದು ಮುಂದಿನ ಶನಿವಾರ ಗೆದ್ದೆ. ಎರಡಕ್ಕೂ ಚಪ್ಪಾಳೆ ತಟ್ಟಿದವರು ಅವರೇ. ಇಂಥವನಿಗೆ ಎರಡು ಕಾರುಗಳ ವ್ಯಾಜ್ಯ ಯಾವ ಲೆಕ್ಕ? ಅವ್ವನ ಕಣ್ಣೀರಿಗೆ ಕಾರಣ ಮನಸ್ತಾಪವಲ್ಲ, ಸರಿಯಾದ ವಿಮರ್ಶೆಯಿಲ್ಲದಿರುವುದು ಎಂದು ನಾನು ತೀರ್ಮಾನಿಸಿದೆ. ಯಾವ ಕಾರು ಮೇಲು ಎಂದು ಪಕ್ಷಪಾತವಿಲ್ಲದೆ ಸಾಧಿಸಿಬಿಟ್ಟರೆ, ಅವ್ವ ಆ ಕಾರಿನಲ್ಲಿ ಹೋಗುತ್ತಾಳೆ. ಸೋತವನು ಬೇಜಾರು ಮಾಡಿಕೊಳ್ಳಬೇಕಾದದ್ದು ಯಂತ್ರದ ಮೇಲೆ, ತಂಗಿಯ ಮೇಲೋ ಅಕ್ಕನ ಮೇಲೋ ಅಲ್ಲ. ಇಷ್ಟು ಚೊಕ್ಕವಾದ ತರ್ಕ ನನಗೆ ಅದರ ಮೊದಲೂ ಹೊಳೆದಿರಲಿಲ್ಲ, ಆಮೇಲೂ ಹೊಳೆದಿಲ್ಲ.

ಬೇಸಿಗೆ ರಜದಲ್ಲಿ ಅಜ್ಜಿಯ ಊರಿಗೆ ಹೋದೆ. ಸೋದರಳಿಯನನ್ನು ಕರೆಯುವ ಕಟ್ಟಳೆಯಿಲ್ಲ, ಎರಡು ಮನೆಯಲ್ಲೂ ಊಟವಿತ್ತು. ಅದು ಯುದ್ಧದ ಕಾಲ. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿದ್ದ ವಸ್ತು. ದೊಡ್ಡಿಯ ಹೊಟ್ಟೆಗೆ ಕೂಪನ್ನು ಎಲ್ಲಿ ಸಾಕಾಗಬೇಕು? ದೊಡ್ಡಮಾವ ಅದರ ಬೆನ್ನಿಗೆ ಇದ್ದಿಲ ಗ್ಯಾಸಿನ ಪೀಪಾಯಿ ಕಟ್ಟಿಸಿದ್ದ. ಕಬ್ಬಿಣದ ಆಳೆತ್ತರದ ಪೀಪಾಯಿ. ಮೇಲಿನಿಂದ ಇದ್ದಿಲು ಸುರಿಯಬೇಕು, ಕೆಳಗಿನ ತೂತಿನಿಂದ ಬೆಂಕಿ ಕೊಡಬೇಕು, ಪಕ್ಕದ ಹಿಡಿಯನ್ನು ಬಾವಿಯ ರಾಟೆಯ ಹಾಗೆ ತಿರುಗಿಸಿ ಗಾಳಿ ಊದಬೇಕು. ಇದ್ದಿಲು ಕೆಂಪಾಗಿ, ಗ್ಯಾಸು ಹುಟ್ಟಿ, ಕೊಳವೆಯಲ್ಲಿ ಹರಿದು ಬರುವ ಹೊತ್ತಿಗೆ ಹಿಂದೆ ಒಬ್ಬ ಹಿಡಿ ತಿರುಗಿಸುತ್ತಿರಬೇಕು, ಮುಂದೆ ಒಬ್ಬ ಸ್ಟೀರಿಂಗಿನ ಬಳಿ ಗಾಳಿಯ ಕೋಲನ್ನು ಎಳೆದು ಬಿಟ್ಟು ಮಾಡುತ್ತಿರಬೇಕು. ಒಬ್ಬನೇ ಹಿಂದೆಮುಂದೆ ಓಡಿದರೆ ಅಷ್ಟರಲ್ಲಿ ಗ್ಯಾಸು ಸತ್ತಿರುತ್ತದೆ. ಇಂಜಿನು ಹಿಡಿಯುವ ಮೊದಲ ಗುಟುಕಿಗೆ ಒಂದಿಷ್ಟು ಪೆಟ್ರೋಲೂ ಬೇಕು. ಹೊರಟ ಮೇಲೂ ಅಲ್ಲಲ್ಲಿ ನಿಲ್ಲಿಸಿ, ಸಲಾಕೆಯಿಂದ ಇದ್ದಿಲು ಕೆದಕಬೇಕು.

ಮಾಕಳಿದುರ್ಗದ ಏರಿನವರೆಗೆ ಎರಡು ಕಾರನ್ನೂ ಓಡಿಸಿ ನೋಡಬೇಕೆಂದು ನಾನು ಸೂಚಿಸಿದೆ. "ನಿನ್ನ ಪರೀಕ್ಷೆಗೆ ಸರ್ಕಾರ ಕೂಪನ್ನು ಕೊಡ್ತದಾ?" ಎಂದು ಚಿಕ್ಕಮಾವ ಕೇಳಿದ. ಕೆರೆ ಏರಿಯ ಮೇಲೆ ಹತ್ತಿಸಿ ನೋಡುವುದಕ್ಕೆ ಒಪ್ಪಂದವಾಯಿತು. ಚಿಕ್ಕಮಾವ ಒಬ್ಬನೇ ಕೂತಾಗ ಗುಬ್ಬಿ ಪುರ್ ಎಂದು ಏರಿತು. ನಾವೆಲ್ಲ ಕೂತಾಗ ಅರ್ಧದಲ್ಲಿ ನಿಂತು, ನಾವು ಇಳಿದು ನಡೆದ ಮೇಲೆ ಮುಂದೆ ಹೋಗಿ, ದಿಬ್ಬದ ಮೇಲೆ ನಮಗಾಗಿ ಕಾದಿತ್ತು. ದೊಡ್ಡಿ ಹೊತ್ತಿಕೊಳ್ಳುವುದರೊಳಗೆ ನಾನು ಒಂದು ಎಳನೀರು ಕುಡಿದು, ಕಾಯಿ ಒಡೆಸಿ ತಿರುಳನ್ನೂ ತಿಂದು ಮುಗಿಸಿದ್ದೆ. ಹೊರಟ ಮೇಲೆ ಮಾತ್ರ ಅದು ನಮ್ಮನ್ನೂ ಎರಡು ಮೂಟೆ ರಾಗಿಯನ್ನೂ ಹೊತ್ತು, ಕೆಮ್ಮುತ್ತ, ಗೊಣಗುತ್ತ, ನಿಲ್ಲದೆ ಹತ್ತಿತು.

ಮೂರನೆಯ ಗೌರಿ ಬಂತು. ಎರಡು ಕಾರೂ ಬಂದವು. ದೊಡ್ಡಿಯ ಹಿಡಿ ತಿರುಗಿಸುತ್ತಿದ್ದ ಆಳು ಮಿಲಿಟರಿ ಕ್ಯಾಂಪಿನ ಕೂಲಿಗೆ ಹೊರಟುಹೋಗಿದ್ದ. ಆ ದಿನ ದೊಡ್ಡಮಾವನಿಗೆ ನೆರವಾಗಿ ಬಂದ ಬೆಲ್ಲದ ವ್ಯಾಪಾರಿ ಪೇಟೆಯಲ್ಲೇ ಇಳಿದು ತನ್ನ ಕೆಲಸಕ್ಕೆ ಹೋಗಿದ್ದ. ದೊಡ್ಡಿ ಕೆಂಡ ಆರದ ಹಾಗೆ ಬೀದಿಯಲ್ಲಿ ಬುಸುಗುಡುತ್ತ ನಿಂತಿತ್ತು. ಗುಬ್ಬಿ ಎದುರಿಗೆ.

ನಾನು ಇಬ್ಬರನ್ನೂ ಜಗಲಿಯ ಎರಡು ಕೊನೆಗೆ ಕೂರಿಸಿದೆ. ಅವ್ವ ಹೊಸ್ತಿಲಲ್ಲಿ ನಿಂತಳು. ಮಗ್ಗದ ಮನೆಯವರು ಕೆಲಸ ನಿಲ್ಲಿಸಿ ಬಂದರು. ಸಭೆ ಎಂದರೆ ಇದು ಸಭೆ ಅನ್ನಿಸಿತು.

"ಊಟಕ್ಕೆ ಮುಂಚೆ ತೀರ್ಪು ಬರ್ತದೇನಪ್ಪಾ?" ಅಂದರು ಅಪ್ಪ, ಪೇಪರಿನ ಹಿಂದಿನಿಂದ.

"ಎರಡು ಪಕ್ಷನೂ ಕೇಳ್ಬೇಕು" ಅಂದೆ.

"ನಂದೇನಿಲ್ಲ" ಅಂದ ದೊಡ್ಡಮಾವ. "ನಮ್ಮಪ್ಪ ಕೂತ ಗಾಡಿ. ಅವ್ನಿದ್ದಾಗ ನನ್ನ ತಂಗಿ ಗೌರಿಗೆ ಬರ್ತಿದ್ದ ಗಾಡಿ. ಅದ್ರಲ್ಲಿ ಬರ್ತಾಳೆ."

"ಅಪ್ಪ ಕೂತಿದ್ದು ಗಾಡಿ ಕಣಪ್ಪಾ" ಅಂದ ಚಿಕ್ಕಮಾವ, ಅಣ್ಣನಿಗಲ್ಲ, ನನಗೆ. "ಈಗಿರೋದು ಬೆಲ್ಲದ ಆಲೆಮನೆ. ಒಲೆ ಹಿಂದ್ಗಡೆ ಕಟ್ಕೊಂಡು ತಿರುಗ್ತದೆ. ನಮ್ಮಕ್ಕನ ರೇಷ್ಮೆ ಸೀರೆಗೆ ಮಸಿ ಹತ್ತಲಿ ಅಂತಲಾ?"

"ಕೇಳಪ್ಪ ಅವನ್ನ, ಅವನ ಗುಬ್ಬೀಲಿ ಸೀರೆ ಹಿಡಿದ್ರೆ ಸೀರೆ ಉಟ್ಟೋಳು ಹಿಡೀತಾಳಾ ಅಂತ."

ಮಗ್ಗದವರು ನಕ್ಕರು. ನಾನು ಶಾಂತಿ ಕೋರಿ ನನ್ನ ಮಾತು ಆರಂಭಿಸಿದೆ. ಏನೇನು ಹೇಳಿದೆನೋ ಈಗಲೂ ಹೇಳಬಲ್ಲೆ, ಆದರೆ ನಿಮ್ಮ ಮೇಲೆ ದಯೆಯಿದೆ. ಗುಬ್ಬಿಗೆ ಪೆಟ್ರೋಲು ಕಡಿಮೆ, ನಮ್ಮ ಬೀದಿಯಲ್ಲಿ ಒಂದೇ ಸಲಕ್ಕೆ ತಿರುಗುತ್ತದೆ, ಗುಂಡಿ ಎಳೆದರೆ ಹೊರಡುತ್ತದೆ, ಹಳ್ಳದ ಮರಳಿನಲ್ಲಿ ಹೂತರೆ ನಾಲ್ಕು ಕೈ ಸೇರಿ ಎತ್ತಿಬಿಡಬಹುದು. ದೊಡ್ಡಿ ಹೂತರೆ ಎತ್ತುಗಳೇ ಬೇಕು. ಏರಿಯಲ್ಲಿ ಗುಬ್ಬಿ ನಿಲ್ಲುವುದನ್ನು ಒಪ್ಪಿಕೊಂಡೆ, ಇಳಿದು ಸ್ವಲ್ಪ ದೂರ ನಡೆಯುವುದು ಆರೋಗ್ಯಕ್ಕೂ ಒಳ್ಳೆಯದೆಂದೆ. ನಡುವೆ ದೊಡ್ಡಮಾವ, ರಾಹುಕಾಲ ಕಳೆಯುವವರೆಗೂ ಮಾತಾಡು, ನನ್ನದೇನೂ ಅಡ್ಡಿಯಿಲ್ಲ ಅಂದ. ರಾಹುಕಾಲಕ್ಕೆ ಆಧಾರವಿಲ್ಲವೆಂದು ಅದರ ಮೇಲೊಂದು ಉಪಭಾಷಣವಾಯಿತು. ಕೊನೆಗೆ ದೊಡ್ಡಿಯ ಎದೆಗೇ ಬಾಣ ಬಿಟ್ಟೆ.

"ಎಲ್ಲಕ್ಕಿಂತ ಮುಖ್ಯವಾದದ್ದು. ಗುಬ್ಬಿಯನ್ನು ಒಬ್ಬ ಮನುಷ್ಯ ಹೊರಡಿಸಬಲ್ಲ. ದೊಡ್ಡಿ ಹೊರಡಬೇಕಾದರೆ ಇಬ್ಬರು ಬೇಕು. ಒಬ್ಬ ಹಿಂದೆ, ಒಬ್ಬ ಮುಂದೆ. ಇಬ್ಬರಿಲ್ಲದೆ ಅದು ಕಾರೇ ಅಲ್ಲ, ಕಬ್ಬಿಣ."

ನಾನು ಕೂತೆ. ಚಿಕ್ಕಮಾವ ಮೀಸೆಯ ಮೇಲೆ ಕೈಯಾಡಿಸಿಕೊಂಡ. ದೊಡ್ಡಮಾವ ಎದ್ದು ಹೋಗಿ ಹೆಗಲ ಮೇಲಿನ ವಸ್ತ್ರದಿಂದ ದೊಡ್ಡಿಯ ಮೂತಿಯನ್ನು ಒರೆಸತೊಡಗಿದ. ಒರೆಸುವಂಥದ್ದೇನೂ ಅಲ್ಲಿರಲಿಲ್ಲ. ಆಗಲೇ ನೋಡಿದ್ದು, ಪೀಪಾಯಿಯಿಂದ ಹೊಗೆ ನಿಂತುಹೋಗಿತ್ತು. ನನ್ನ ವಾದ ಮುಗಿಯುವುದರೊಳಗೆ ಕೆಂಡವೂ ಮುಗಿದಿತ್ತು.

ಅವ್ವ ಹೊಸ್ತಿಲು ದಾಟಿ ಬಂದಳು.

"ಗುಬ್ಬೀಲಿ ಯಾರ್ಯಾರು ಹೋಗೋದು?"

"ನೀನು, ಅಪ್ಪ, ನಾನು. ಚಿಕ್ಕಮಾವ ಓಡಿಸ್ತಾರೆ."

"ಅಣ್ಣ?"

"ಅವರು ಅವರ ಕಾರಲ್ಲಿ ಬರ್ತಾರೆ."

"ಅದು ಹೊರಡೋಕೆ ಇಬ್ಬರು ಬೇಕು ಅಂತ ಈಗ ತಾನೆ ಹೇಳ್ದೆ. ಇನ್ನೊಬ್ಬ ಯಾರು?"

ನಾನು ನನ್ನ ಟಿಪ್ಪಣಿಯ ಹಾಳೆ ತಿರುಗಿಸಿ ಹಿಂಬದಿ ನೋಡಿದೆ. ಅಲ್ಲಿ ಆ ಅಂಶ ಬರೆದಿರಲಿಲ್ಲ.

ಅವ್ವ ಬಾಗಿನದ ಮೊರ ಎತ್ತಿಕೊಂಡು, ಬೀದಿಯವರೆಲ್ಲ ನೋಡುತ್ತಿದ್ದಂತೆ ಮೆಟ್ಟಿಲಿಳಿದು, ದೊಡ್ಡಿಯ ಹಿಂದಿನ ಬಾಗಿಲು ತೆಗೆದು ಕೂತುಬಿಟ್ಟಳು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗು ಸರಿಮಾಡಿಕೊಂಡಳು.

"ನಾನು ಇದರಲ್ಲೇ ಬರೋದು. ಇದಕ್ಕೆ ಇಬ್ಬರು ಬೇಕಂತೆ. ನೋಡ್ಕೊಳ್ಳಿ."

ದೊಡ್ಡಮಾವನ ಕೈಯಲ್ಲಿದ್ದ ವಸ್ತ್ರ ನಿಂತಿತು. ಚಿಕ್ಕಮಾವ ಜಗಲಿಯ ಕಂಬ ನೋಡತೊಡಗಿದ. ಯಾರಾದರೂ ಏನಾದರೂ ಮಾಡಲೇಬೇಕಲ್ಲ ಎಂದು ನಾನೇ ಎದ್ದು ಪೀಪಾಯಿಯ ಹಿಡಿಗೆ ಕೈ ಹಾಕಿದೆ.

"ನೀನು ಬೇಡ ಕಣೋ" ಅಂದಳು ಅವ್ವ ಒಳಗಿನಿಂದ. "ನೀನು ಬಂದು ನನ್ನ ಪಕ್ಕ ಕೂತ್ಕೊ. ನಿನ್ನ ಕೆಲಸ ಆಯ್ತು."

ಬಂದು ಕೂತೆ. ಅಪ್ಪ ಪೇಪರು ಮಡಿಸಿ ಹಿಂದೆಯೇ ಬಂದು ಕೂತರು. ಅವರ ಮುಖದಲ್ಲಿ ಒಂದು ನಗುವಿತ್ತು, ಅದನ್ನು ಅವರು ಪೇಪರಿನ ಜೊತೆಗೇ ಮಡಿಸಿಕೊಂಡರು. ಹೊರಗೆ ದೊಡ್ಡಮಾವ ಒಬ್ಬನೇ ಬೆಂಕಿ ಕೊಟ್ಟ, ಹಿಡಿ ತಿರುಗಿಸಿದ, ಮುಂದಕ್ಕೆ ಓಡಿ ಬಂದು ಕೋಲು ಎಳೆದ, ಹಿಂದಕ್ಕೆ ಓಡಿದ. ಇಂಜಿನು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ಓಡಿದ. ದೊಡ್ಡಮಾವನಿಗೆ ಆಗಲೇ ನಡುವಯಸ್ಸು ದಾಟಿತ್ತು, ಉಸಿರು ನಮಗೆ ಕೇಳಿಸುತ್ತಿತ್ತು. ಅವ್ವ ತಿರುಗಿ ನೋಡಲಿಲ್ಲ. ಮೊರದ ಅಂಚನ್ನು ಎರಡು ಕೈಯಿಂದಲೂ ಹಿಡಿದಿದ್ದಳು, ಬೆರಳ ಗೆಣ್ಣು ಬಿಳಿಚಿತ್ತು. ಇಬ್ಬರಲ್ಲಿ ಒಬ್ಬ ಹಟ ಮಾಡಿ ಹೊರಟುಬಿಟ್ಟಿದ್ದರೆ ಅವಳಿಗೆ ಮುಂದೆ ಯಾವ ಗೌರಿಗೂ ತವರಿರುತ್ತಿರಲಿಲ್ಲ. ಅದು ನನಗೆ ಆಗ, ಆ ಬೆರಳು ನೋಡಿದಾಗ ಗೊತ್ತಾಯಿತು.

ಆಮೇಲೆ ಹಿಂದಿನಿಂದ ಒಂದು ದನಿ ಕೇಳಿಸಿತು.

"ಬೂದಿ ತೆಗ್ದಿದೀಯಾ?"

ದೊಡ್ಡಮಾವ ಹಿಡಿ ತಿರುಗಿಸುವುದನ್ನು ನಿಲ್ಲಿಸಿದ.

"ಬೆಳಿಗ್ಗೆನೇ ತೆಗ್ದೆ."

"ತೆಗ್ದಿದ್ರೆ ಹಿಂಗೆ ಉಸಿರು ಕಟ್ತದಾ? ಸಲಾಕೆ ಎಲ್ಲಿ?"

"ಸೀಟಿನ ಕೆಳಗೆ."

"ಹಿಡಿ ಬಿಡು, ಹಿಂಗೆ ತಿರುಗ್ಸಿದ್ರೆ ದೀಪಾವಳಿಗೆ ಹತ್ಕೊಳ್ತದೆ. ಮುಂದ್ಗಡೆ ಹೋಗು ನೀನು."

ಮೂರು ಗೌರಿಗಳ ನಡುವೆ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ನೇರವಾಗಿ ಆಡಿದ ಮೊದಲ ಮಾತು ಬೂದಿಯ ಮೇಲೆ. ಇನ್ನೂ ಒಂದು ಅಡ್ಡಿಯಿತ್ತು. ಮೊದಲ ಗುಟುಕಿಗೆ ದೊಡ್ಡಿಯಲ್ಲಿ ಪೆಟ್ರೋಲಿರಲಿಲ್ಲ. ಚಿಕ್ಕಮಾವ ಏನೂ ಹೇಳದೆ ಹೋಗಿ, ಗುಬ್ಬಿಯಿಂದ ಒಂದು ಔಷಧಿ ಸೀಸೆಯ ತುಂಬ ಪೆಟ್ರೋಲು ಇಳಿಸಿ ತಂದು ಕೊಟ್ಟ. ಆ ಕಾಲದಲ್ಲಿ ಅದು ತುಪ್ಪಕ್ಕಿಂತ ಮೇಲಿನ ಮರ್ಯಾದೆ. ದೊಡ್ಡಿ ಕೆಮ್ಮಿತು, ಗುಡುಗಿತು, ನಡುಗಿ ಎದ್ದಿತು. ಚಿಕ್ಕಮಾವ ಓಡಿ ಬಂದು ಮುಂದಿನ ಸೀಟಿಗೆ ಹಾರಿದ. ಮಗ್ಗದವರು ಹೋ ಎಂದರು.

ದಾರಿಯುದ್ದಕ್ಕೂ ಜಗಳವೇ. ಇಳಿಜಾರಿನಲ್ಲಿ ಗಾಳಿ ಕಡಿಮೆ ಮಾಡು ಎಂದು ತಮ್ಮ, ನಲವತ್ತು ಹಳ್ಳ ದಾಟಿಸಿದ್ದೀನಿ ಸುಮ್ಮನಿರು ಎಂದು ಅಣ್ಣ. ಕೆರೆ ಏರಿಯ ಬುಡದಲ್ಲಿ ದೊಡ್ಡಿ ಸೋತಿತು. ಚಿಕ್ಕಮಾವ ಇಳಿದು, ಭಾದ್ರಪದದ ಕೆಸರಿನಲ್ಲಿ ನಿಂತು, ಅಂಗಿ ಬಿಚ್ಚಿ ಕೆದಕಿದ. ದೊಡ್ಡಮಾವನೂ ಇಳಿದು ಇದ್ದಿಲ ಚೀಲ ಎತ್ತಿ ಕೊಟ್ಟ. ಗ್ಯಾಸಿನ ಹೊಗೆಗೆ ನನ್ನ ತಲೆ ಹಿಡಿದುಕೊಂಡಿತು. ನನ್ನ ವಾದದ ಒಂದೊಂದು ಅಂಶವೂ ಕಣ್ಣೆದುರೇ ಸಾಬೀತಾಗುತ್ತಿತ್ತು. ನನಗೆ ಮಾತ್ರ ಗೆದ್ದ ಸಂತೋಷವಿರಲಿಲ್ಲ. ಬೇರೆ ಯಾವುದೋ ಸಂತೋಷವಿತ್ತು.

ಹಜಾರದ ಕಂಬಕ್ಕೆ ಒರಗಿದ್ದ ಅಜ್ಜಿ ಸದ್ದು ಕೇಳಿಯೇ ಎದ್ದಿದ್ದಳು. ಅವ್ವ ಕಾಲು ಮುಟ್ಟಿದಾಗ ಅವಳ ತಲೆ, ಕೆನ್ನೆ, ಭುಜವನ್ನೆಲ್ಲ ಸವರಿ ನೋಡಿದಳು. "ಇಳಿದುಹೋಗಿದೀಯ" ಅಂದಳು. ಎಲ್ಲಿ ಇಳಿದುಹೋಗಿದ್ದಾಳೆಂದು ನಾನು ಕೇಳಲಿಲ್ಲ. ಆಮೇಲೆ ಹಿಂದೆ ನಿಂತಿದ್ದ ಇಬ್ಬರು ಗಂಡುಮಕ್ಕಳ ಕಡೆ ಕೈ ಚಾಚಿದಳು. ಹೊರಗಿನ ಬಿಸಿಲಿಗೆ ಬೆನ್ನು ಮಾಡಿ ನಿಂತವರು ಅವಳಿಗೆ ಎರಡು ನೆರಳಿನ ಹಾಗೆ ಕಂಡಿರಬೇಕು. ಒಬ್ಬನ ತೋಳು ಹಿಡಿದಳು, ಇನ್ನೊಬ್ಬನ ತೋಳು ಹಿಡಿದಳು, ಹತ್ತಿರಕ್ಕೆಳೆದು ಮೂಸಿದಳು.

"ಯಾವನು ಯಾವನ್ಲಾ?" ಅಂದಳು. "ಇಬ್ಬರೂ ಒಂದೇ ವಾಸನೆ ಬರ್ತಿದೀರಲ್ಲೋ."

ಮಸಿ ಮೆತ್ತಿದ ಆ ಇಬ್ಬರು ಮೀಸೆಯ ಗಂಡಸರು ಏನು ಉತ್ತರ ಕೊಟ್ಟರೆಂದು ನನ್ನನ್ನು ಕೇಳಬೇಡಿ. ಅಪ್ಪ ನನ್ನ ಭುಜ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿದ್ದರು.

ಗೋಡೆ ಬಿದ್ದುಹೋಯಿತು ಎಂದು ಬರೆದರೆ ನಿಮಗೆ ಸಂತೋಷವಾಗಬಹುದು, ಆದರೆ ಅದು ಸುಳ್ಳು. ಗೋಡೆ ಈಗಲೂ ಇದೆ, ಸುಣ್ಣ ಬಳಿದು ಕ್ಯಾಲೆಂಡರು ತೂಗುಹಾಕಿದ್ದಾರೆ. ಬಾವಿಯ ಸರದಿಯ ಮಾತು ಈಗಲೂ ಬೇಸಿಗೆಯಲ್ಲಿ ಬಿಸಿಯಾಗುತ್ತದೆ. ಆದರೆ ಗುಬ್ಬಿ ಆ ಹಬ್ಬದಲ್ಲಿ ನಮ್ಮ ಬೀದಿಯಲ್ಲೇ ಉಳಿದಿತ್ತಲ್ಲ. ಅದನ್ನು ತರಲು ಚಿಕ್ಕಮಾವ ಮತ್ತೆ ದೊಡ್ಡಿಯಲ್ಲೇ ಬರಬೇಕಾಯಿತು. ಹಿಡಿ ತಿರುಗಿಸದೆ ದೊಡ್ಡಿ ಬರುವ ಹಾಗಿರಲಿಲ್ಲ. ಮುಂದಿನ ಗೌರಿಗೆ ಇಬ್ಬರೂ ಒಂದೇ ಗಾಡಿಯಲ್ಲಿ ಬಂದರು, ಪೆಟ್ರೋಲು ಉಳಿಸಲು ಎಂದರು. ಅಜ್ಜಿ ಇನ್ನೆರಡು ಗೌರಿಗೆ ಅವ್ವನ ಕೈಯ ಬಾಗಿನ ಮುಟ್ಟಿ ನೋಡಿ, ಆಮೇಲೆ ತೀರಿಕೊಂಡಳು. ಆ ಎರಡು ಗೌರಿಗಳಿಗಾಗಿ ನಾನು ಯಾರಿಗೆ ಕೈ ಮುಗಿಯಲಿ? ದೇವರ ವಿಷಯದಲ್ಲಿ ನನ್ನ ತಕರಾರು ಇನ್ನೂ ತೀರಿಲ್ಲ. ಆದ್ದರಿಂದ ಸದ್ಯಕ್ಕೆ ಒಂದು ಕಬ್ಬಿಣದ ಪೀಪಾಯಿಗೆ ಮುಗಿಯುತ್ತೇನೆ.

ಕಾರುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಇದನ್ನು ದಾಖಲು ಮಾಡಿಕೊಳ್ಳಿ. ಗುಬ್ಬಿಯೇ ಮೇಲು. ಯಾವ ನ್ಯಾಯಾಧೀಶರ ಮುಂದೆ ಬೇಕಾದರೂ ವಾದಿಸುತ್ತೇನೆ. ಅವ್ವ ಕೂತದ್ದು ಕೆಟ್ಟ ಕಾರಿನಲ್ಲಿ, ನಾನು ಕೃತಜ್ಞನಾಗಿರುವುದೂ ಆ ಕೆಟ್ಟ ಕಾರಿಗೇ.

ಇಷ್ಟು ಹೇಳುವ ಹೊತ್ತಿಗೆ ಇಸ್ತ್ರಿಯವನು ನನ್ನ ಅಂಗಿ ಮಡಿಸಿ ಕೊಟ್ಟ, ಇನ್ನೂ ಬೆಚ್ಚಗಿದೆ. ಬೀದಿಯ ತಿರುವಿನಲ್ಲಿ ಗುಡುಗಿದಂತಾಯಿತು. ದೊಡ್ಡಿ ಬಂತು. ಯುದ್ಧ ಮುಗಿದು, ಪೆಟ್ರೋಲು ಮೊದಲಿನಷ್ಟು ಅಪರೂಪವಲ್ಲದ ಮೇಲೆ ಪೀಪಾಯಿಯನ್ನು ಬಿಚ್ಚಿಸಿದ್ದಾರೆ. ಅದು ಈಗ ದೊಡ್ಡಮಾವನ ಬಚ್ಚಲಲ್ಲಿ ನೀರು ಕಾಯಿಸುತ್ತದೆ. ಗುಂಡಿ ಒತ್ತಿದರೆ ದೊಡ್ಡಿ ಹೊರಡುತ್ತದೆ, ಹಿಡಿಯಿಲ್ಲ, ಸಲಾಕೆಯಿಲ್ಲ, ಬೂದಿಯಿಲ್ಲ. ಅದಕ್ಕೆ ಇನ್ನು ಇಬ್ಬರು ಬೇಕಾಗಿಲ್ಲ.

ದೊಡ್ಡಮಾವ ಸ್ಟೀರಿಂಗಿನ ಹಿಂದಿನಿಂದ ಇಳಿದ. ಇನ್ನೊಂದು ಬಾಗಿಲಿನಿಂದ ಚಿಕ್ಕಮಾವ ಇಳಿದ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈಗೆ ಯಾವ ಕೆಲಸವೂ ಇಲ್ಲದೆ.

"ಏನ್ಲಾ ಲಾಯರೇ, ಹಂಗೆ ನೋಡ್ತೀಯಾ?" ಅಂದ ನನಗೆ.

ಒಂದು ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಚೊಕ್ಕ ಪ್ರಶ್ನೆ, ಎದುರು ಪಕ್ಷ ಉತ್ತರಿಸಲಾರದಂಥದ್ದು. ಹೊಸ್ತಿಲಲ್ಲಿ ಮೊರ ಹಿಡಿದು ನಿಂತಿದ್ದ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನಿಲ್ಲ ಮಾವ" ಅಂದೆ. "ಬನ್ನಿ, ಕಾಫಿ ಆಗಿದೆ."